ಎರಡು ಚಿತ್ರಗಳ ನಡುವೆ

ಬಳ್ಳಾರಿ ಸೀಮೆಗೆ ಗೊಂಬೆಗಳನ್ನು ನಡೆಸುವ ವಿದ್ಯೆ ಹೊಸದಲ್ಲ. ಆಡಿನ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ರೂಪವನ್ನು ಬರೆದು, ಅಂಚುಗಳನ್ನು ಕತ್ತರಿಸಿ, ಆಭರಣಗಳಿರುವೆಡೆ ಸಣ್ಣ ರಂಧ್ರಗಳನ್ನು ಕೊರೆದು, ಬಣ್ಣ ಹಾಕಿದರೆ ತೊಗಲುಗೊಂಬೆ ಸಿದ್ಧವಾಗುತ್ತದೆ. ಬಿಳಿಯ ಪರದೆಯ ಹಿಂದೆ ದೀಪವಿರುತ್ತದೆ. ದೀಪಕ್ಕೂ ಪರದೆಗೂ ನಡುವೆ ಗೊಂಬೆಯನ್ನು ಹಿಡಿದು ಆಡಿಸುವಾಗ ಇತ್ತ ಕುಳಿತವರಿಗೆ ರಾಮನೂ ಕಾಣುತ್ತಾನೆ, ರಾವಣನೂ ಕಾಣುತ್ತಾನೆ. ಕಿಳ್ಳೇಕ್ಯಾತ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆ ಇದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಕಥೆಗಳೊಡನೆ ಗಾಂಧೀಜಿಯವರ ಜೀವನವನ್ನೂ ಈ ಪರದೆಯ ಮೇಲೆ ತಂದರು. 2023ರಲ್ಲಿ ಅವರು ನಿಧನರಾದರು.

ತೊಗಲುಗೊಂಬೆಯ ಭುಜ, ಮೊಣಕೈಗಳನ್ನು ದಾರದಿಂದ ಪೋಣಿಸಿರುತ್ತಾರೆ. ಗೊಂಬೆಯಾಡಿಸುವವನು ಕಡ್ಡಿಯನ್ನು ಎತ್ತಿದರೆ ಕೈ ಏಳುತ್ತದೆ. ಇಳಿಸಿದರೆ ಕೈ ಇಳಿಯುತ್ತದೆ. ಚಲನೆ ಇರುವುದು ಆತನ ಬೆರಳುಗಳಲ್ಲಿ. ಆದರೆ ಕಾಗದದ ಮೇಲೆ ಬರೆದ ಚಿತ್ರವನ್ನು ಯಾರೂ ಹೀಗೆ ಅಲುಗಾಡಿಸಲಾರರು. ಅದನ್ನು ನಡೆಯಿಸಬೇಕಾದರೆ ಕೈಯ ಒಂದೊಂದು ನೆಲೆಯನ್ನೂ ಬೇರೆ ಬೇರೆ ಹಾಳೆಗಳ ಮೇಲೆ ಬರೆಯಬೇಕು. ಹಾಗೆ ಬರೆದ ನೂರಾರು ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ವೇಗವಾಗಿ ತೋರಿಸಿದಾಗ ಚಿತ್ರವು ಜೀವತಳೆಯುತ್ತದೆ. ಕೈಬರಹದ ಅನಿಮೇಷನ್ ಎಂದರೆ ಇದೇ.

ಇದು ಸಾಧ್ಯವಾಗುವುದು ಹೇಗೆ? 1832ರಲ್ಲಿ ಜೋಸೆಫ್ ಪ್ಲೇಟೊ ಎಂಬ ಬೆಲ್ಜಿಯಂ ದೇಶದ ಭೌತವಿಜ್ಞಾನಿಯು ಒಂದು ದುಂಡು ತಟ್ಟೆಯ ಸುತ್ತ ಸ್ವಲ್ಪ ಸ್ವಲ್ಪವೇ ವ್ಯತ್ಯಾಸವಿರುವ ಚಿತ್ರಗಳನ್ನು ಬರೆದು, ಅಂಚಿನಲ್ಲಿ ಸೀಳುಗಳನ್ನು ಮಾಡಿದನು. ಕನ್ನಡಿಯ ಮುಂದೆ ತಟ್ಟೆಯನ್ನು ತಿರುಗಿಸಿ ಸೀಳಿನ ಮೂಲಕ ನೋಡಿದಾಗ ಚಿತ್ರವು ಕುಣಿಯಿತು. ಕಂಡ ರೂಪವು ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದೇ ಇದಕ್ಕೆ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಅಷ್ಟರಿಂದಲೇ ಇದನ್ನು ವಿವರಿಸಲಾಗದು ಎಂದು ಈಗ ತಿಳಿದಿದೆ. ಸ್ವಲ್ಪವೇ ಸ್ಥಾನಭೇದವುಳ್ಳ ಎರಡು ರೂಪಗಳು ಬೇಗಬೇಗನೆ ಕಂಡಾಗ, ಅವೆರಡನ್ನೂ ಬೆಸೆದು ಒಂದು ಚಲನೆಯಾಗಿ ಗ್ರಹಿಸುವುದು ಮಿದುಳಿನ ಸ್ವಭಾವ. ಚಿತ್ರಕಾರನು ಹಾಳೆಗಳನ್ನು ಬರೆಯುತ್ತಾನೆ. ಚಲನೆಯನ್ನು ಪೂರ್ಣಮಾಡುವವನು ನೋಡುವವನು.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸುವುದು ರೂಢಿ. ಹಾಗಾದರೂ ಸೆಕೆಂಡಿಗೆ 12, ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕು. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ತಯಾರಿಸಿದ ‘ಫಾಂಟಾಸ್ಮಗೋರಿ’ ಎಂಬ ಎರಡು ನಿಮಿಷಕ್ಕೂ ಕಡಿಮೆ ಅವಧಿಯ ಚಿತ್ರಕ್ಕೆ ಸುಮಾರು 700 ಹಾಳೆಗಳು ಬೇಕಾದವು.

ಬಳ್ಳಾರಿ ನಗರದ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಈ ವಿದ್ಯೆಯನ್ನು ಕಲಿಯಲು ಹೊರಟಿದ್ದಾಳೆಂದು ಭಾವಿಸೋಣ. ಮೊದಲಿಗೆ ಆಕೆಗೆ ಬೇಕಾದುದು ದಪ್ಪ ನೋಟುಪುಸ್ತಕ ಮತ್ತು ಒಂದು ಪೆನ್ಸಿಲು ಮಾತ್ರ. ಪುಟಗಳ ಮೂಲೆಯಲ್ಲಿ ಬರೆದು, ಹೆಬ್ಬೆರಳಿನಿಂದ ಸರಸರನೆ ಬಿಡುತ್ತ ಹೋದರೆ ಚಿತ್ರವು ಅಲುಗುವುದು ಕಾಣುತ್ತದೆ. ಕೆಲವು ದಿನಗಳ ಬಳಿಕ ಇದು ಸಾಲದೆನಿಸುತ್ತದೆ. ಆಗ ಒಂದು ಮರದ ಪೆಟ್ಟಿಗೆಯ ಮೇಲೆ ಗಾಜನ್ನು ಹೊದಿಸಿ, ಒಳಗೆ ದೀಪವಿಟ್ಟರೆ ಬೆಳಕಿನ ಮೇಜು ಸಿದ್ಧವಾಗುತ್ತದೆ. ಮೇಲಿನ ಹಾಳೆಯ ಮೂಲಕ ಕೆಳಗಿನ ಹಾಳೆಯ ಚಿತ್ರ ಮಸುಕಾಗಿ ತೋರುವುದರಿಂದ, ಹಿಂದಿನ ನೆಲೆ ಯಾವುದು, ಮುಂದಿನದು ಎಲ್ಲಿರಬೇಕು ಎಂಬುದು ತಿಳಿಯುತ್ತದೆ. ಹಾಳೆಗಳು ಜರುಗದಂತೆ ಅಂಚಿನಲ್ಲಿ ತೂತುಮಾಡಿ ಎರಡು ಗೂಟಗಳಿಗೆ ಸಿಕ್ಕಿಸಬೇಕು. ಈ ಗೂಟಗಳನ್ನು ಅಲಕ್ಷಿಸಿದವರ ಚಿತ್ರದಲ್ಲಿ ನೆಲವೇ ನಡುಗುತ್ತದೆ. ಬರೆದುದನ್ನು ಒಂದೊಂದಾಗಿ ಸೆರೆಹಿಡಿಯಲು ಇಂದು ಸಾಮಾನ್ಯ ಮೊಬೈಲು ದೂರವಾಣಿ ಸಾಕು.

ಮೊದಲನೆಯ ಪಾಠ ಚೆಂಡು. ಮೇಲಿನಿಂದ ಬಿದ್ದು ನೆಲಕ್ಕೆ ತಾಗಿ ಪುಟಿಯುವ ಒಂದು ಚೆಂಡು. ಇದಕ್ಕಿಂತ ಸುಲಭವಾದುದು ಏನಿದೆ ಎಂದು ಆಕೆ ಸಮಾನ ಅಂತರದಲ್ಲಿ ಆರು ವೃತ್ತಗಳನ್ನು ಬರೆಯುತ್ತಾಳೆ. ಓಡಿಸಿ ನೋಡಿದರೆ ಚೆಂಡು ಬೀಳುವುದಿಲ್ಲ. ಯಾರೋ ದಾರಕಟ್ಟಿ ಇಳಿಸಿದಂತೆ ಮೆಲ್ಲನೆ ಕೆಳಗೆ ಬರುತ್ತದೆ. ವೃತ್ತಗಳೆಲ್ಲವೂ ದುಂಡಗಿವೆ, ಗೆರೆಗಳೂ ಶುದ್ಧವಾಗಿವೆ. ತಪ್ಪಿರುವುದು ಚಿತ್ರಗಳಲ್ಲಿ ಅಲ್ಲ, ಅವುಗಳ ನಡುವಣ ತೆರಪಿನಲ್ಲಿ. ಬೀಳುವ ವಸ್ತುವಿನ ವೇಗವು ಕ್ಷಣಕ್ಷಣಕ್ಕೂ ಹೆಚ್ಚುತ್ತದೆಂಬುದನ್ನು ವಿಜ್ಞಾನದ ಪುಸ್ತಕದಲ್ಲಿ ಆಕೆ ಓದಿಯೇ ಇದ್ದಾಳೆ. ಸಮಾನ ಕಾಲಗಳಲ್ಲಿ ಅದು ಕ್ರಮಿಸುವ ದೂರಗಳು 1, 3, 5, 7, 9, 11 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿರುತ್ತವೆ ಎಂದು ಗೆಲಿಲಿಯೋ ಕಂಡುಕೊಂಡಿದ್ದನು. ಇವುಗಳ ಮೊತ್ತ 36. ಹಾಳೆಯ ಮೇಲೆ 18 ಸೆಂಟಿಮೀಟರಿನ ಬೀಳುವಿಕೆಯನ್ನು ತೋರಿಸಬೇಕಾದರೆ ಮೊದಲನೆಯ ತೆರಪು ಅರ್ಧ ಸೆಂಟಿಮೀಟರು, ಎರಡನೆಯದು ಒಂದೂವರೆ, ಕೊನೆಯದು ಐದೂವರೆ. ಹೀಗೆ ಬರೆದಾಗ ಅದೇ ವೃತ್ತವು ತಟ್ಟನೆ ಭಾರವನ್ನು ಪಡೆಯುತ್ತದೆ. ಪರೀಕ್ಷೆಗಾಗಿ ಓದಿದ ನಿಯಮವೊಂದು ಕಣ್ಣೆದುರಿಗೆ ಬಿದ್ದು ಪುಟಿಯುವುದನ್ನು ನೋಡುವ ಸಂತೋಷ ಸಣ್ಣದಲ್ಲ.

ನೆಲಕ್ಕೆ ತಾಗುವಾಗ ರಬ್ಬರು ಚೆಂಡು ಕೊಂಚ ಚಪ್ಪಟೆಯಾಗಬೇಕು. ಏಳುವಾಗ ಕೊಂಚ ನೀಳವಾಗಬೇಕು. ಆದರೆ ಚಪ್ಪಟೆಯಾದಷ್ಟೂ ಅಡ್ಡಗಲ ಹೆಚ್ಚಬೇಕು. ಇಲ್ಲದಿದ್ದರೆ ಚೆಂಡು ಕುಗ್ಗಿ ಸಣ್ಣದಾದಂತೆ ತೋರುತ್ತದೆ. ಕಬ್ಬಿಣದ ಗುಂಡಾದರೆ ಈ ಮಾರ್ಪಾಟು ಬೇಕಿಲ್ಲ. ಹೀಗೆ ಅದೇ ಒಂದು ವೃತ್ತವು ಬಲೂನೂ ಆಗಬಹುದು, ಗುಂಡೂ ಆಗಬಹುದು.

ಎರಡನೆಯ ಪಾಠಕ್ಕೆ ಸಿರುಗುಪ್ಪ ತಕ್ಕ ಸ್ಥಳ. ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಈ ತಾಲ್ಲೂಕಿನಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ. ಗಿರಣಿಯ ಅಂಗಳದಲ್ಲಿ ಗೋಣಿಚೀಲಗಳನ್ನು ನೋಡಬೇಕು. ತುಂಬಿದ ಚೀಲವು ಬಿಗಿಯಾಗಿ ನಿಲ್ಲುತ್ತದೆ. ಅರ್ಧ ತುಂಬಿದ ಚೀಲವು ಸೊಂಟದಲ್ಲಿ ಕುಸಿದು, ದಣಿದವನಂತೆ ಗೋಡೆಗೆ ಒರಗುತ್ತದೆ. ಕಣ್ಣು ಮೂಗು ಇಲ್ಲದ ಚೀಲದಲ್ಲಿ ಸಂತೋಷ, ಬೇಸರ, ಭಯಗಳನ್ನು ತೋರಿಸಬಲ್ಲವನು ಮನುಷ್ಯನನ್ನೂ ಬರೆಯಬಲ್ಲನು. ಅಮೆರಿಕದ ಡಿಸ್ನಿ ಸಂಸ್ಥೆಯಲ್ಲಿ ಹೊಸಬರಿಗೆ ಹಿಟ್ಟಿನ ಚೀಲವನ್ನು ಬರೆಯಿಸುತ್ತಿದ್ದುದು ಇದಕ್ಕಾಗಿಯೇ.

ಚೀಲಕ್ಕಿಂತ ಹೆಚ್ಚು ಕಲಿಸುವವನು ಅದನ್ನು ಹೊರುವ ಹಮಾಲ. ಆತನು ಚೀಲವನ್ನು ಒಮ್ಮೆಲೇ ಎತ್ತುವುದಿಲ್ಲ. ಮೊದಲು ಮೊಣಕಾಲು ಬಾಗುತ್ತದೆ, ದೇಹ ತಗ್ಗುತ್ತದೆ, ಅನಂತರವೇ ಮೇಲೇಳುತ್ತದೆ. ಮೇಲಕ್ಕೆ ಹೋಗುವ ಮುನ್ನ ಕೆಳಕ್ಕೆ, ಮುಂದಕ್ಕೆ ಹೋಗುವ ಮುನ್ನ ಹಿಂದಕ್ಕೆ: ಈ ಪೂರ್ವಸಿದ್ಧತೆಯನ್ನು ಬಿಟ್ಟು ಬರೆದರೆ ಚೀಲದಲ್ಲಿ ಬತ್ತವಿಲ್ಲ, ಹತ್ತಿ ಇದೆ ಎಂದು ನೋಡುವವರು ನಗುತ್ತಾರೆ. ಹೊರೆ ಹೊತ್ತು ನಡೆಯುವಾಗ ಆತನ ಹೆಜ್ಜೆ ಮೋಟಾಗಿರುತ್ತದೆ. ಪಾದವು ನೆಲವನ್ನು ಬಿಟ್ಟು ಹೆಚ್ಚು ಮೇಲೇಳದು. ದಿನವೂ ಕಾಣುವ ದೃಶ್ಯವೇ ಆದರೂ ಬರೆಯಲು ಕುಳಿತಾಗಲೇ ಇದು ಗಮನಕ್ಕೆ ಬರುತ್ತದೆ.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ರಥೋತ್ಸವವನ್ನು ನೋಡಿದವರಿಗೆ ಮೂರನೆಯ ಪಾಠ ಅರ್ಧ ತಿಳಿದಂತೆ. ಮಿಣಿಹಗ್ಗ ಮೊದಲು ಬಿಗಿಯುತ್ತದೆ. ಗಾಲಿಗಳು ತಡವಾಗಿ ಉರುಳುತ್ತವೆ. ಗಾಲಿ ಉರುಳಿದ ಮೇಲೂ ರಥದ ಶಿಖರವು ಒಂದು ಕ್ಷಣ ಹಿಂದೆಯೇ ಉಳಿದು, ಬಳಿಕ ಮುಂದಕ್ಕೆ ತೂಗುತ್ತದೆ. ಗಾಲಿಗೆ ಮರದ ತುಂಡನ್ನು ಅಡ್ಡಕೊಟ್ಟು ರಥವನ್ನು ನಿಲ್ಲಿಸಿದರೂ ಮೇಲಿನ ಪತಾಕೆಗಳು ನಿಲ್ಲುವುದಿಲ್ಲ. ಒಂದೇ ವಸ್ತುವಿನ ಎಲ್ಲ ಭಾಗಗಳೂ ಒಟ್ಟಿಗೆ ಹೊರಡುವುದಿಲ್ಲ, ಒಟ್ಟಿಗೆ ನಿಲ್ಲುವುದೂ ಇಲ್ಲ. ಓಡಿ ಬಂದು ನಿಂತ ಹುಡುಗಿಯ ಜಡೆಯೂ ಲಂಗದ ಅಂಚೂ ಇದೇ ನಿಯಮಕ್ಕೆ ಒಳಪಟ್ಟಿವೆ. ಡಿಸ್ನಿ ಸಂಸ್ಥೆಯ ಹಿರಿಯ ಚಿತ್ರಕಾರರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಹನ್ನೆರಡು ತತ್ತ್ವಗಳನ್ನು ವಿವರಿಸಿದ್ದಾರೆ. ಅವುಗಳ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ತೇರನ್ನು ನೋಡಿ ಬರುವುದು ಲೇಸು.

ಇಷ್ಟು ಕಲಿತ ಮೇಲೆ ಆಕೆ ಕೆಲಸದ ಕ್ರಮವನ್ನು ಬದಲಿಸಿಕೊಳ್ಳುತ್ತಾಳೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ನೇರವಾಗಿ ಬರೆಯುತ್ತ ಹೋದರೆ ಆಕೃತಿಯು ದಾರಿಯಲ್ಲಿ ಬೆಳೆದುಬಿಡುತ್ತದೆ, ಇಲ್ಲವೇ ಕುಗ್ಗುತ್ತದೆ. ಆದುದರಿಂದ ಬಾಗಿದ ನೆಲೆ, ಎತ್ತಿದ ನೆಲೆ, ನಿಂತ ನೆಲೆ ಎಂಬ ಮುಖ್ಯ ಚಿತ್ರಗಳನ್ನು ಮೊದಲು ಬರೆದು, ನಡುವಣ ಚಿತ್ರಗಳನ್ನು ಅನಂತರ ತುಂಬಬೇಕು. ಅಂಚಿನಲ್ಲಿ ಒಂದು ಸಣ್ಣ ಗೆರೆಯೆಳೆದು, ಯಾವ ನಡುಚಿತ್ರ ಯಾವುದಕ್ಕೆ ಹತ್ತಿರವಿರಬೇಕೆಂದು ಗುರುತುಮಾಡುತ್ತಾರೆ. ಗುರುತುಗಳು ಒತ್ತಾಗಿರುವಲ್ಲಿ ಚಲನೆ ನಿಧಾನ, ವಿರಳವಾಗಿರುವಲ್ಲಿ ವೇಗ.

ಈ ಹಂತದಲ್ಲಿ ಕಷ್ಟವಾದ ಒಂದು ತೀರ್ಮಾನ ಎದುರಾಗುತ್ತದೆ. ನಡುವಣ ಒಂದು ಹಾಳೆಯಲ್ಲಿ ಹಮಾಲನ ಮುಖ ಬಹಳ ಸೊಗಸಾಗಿ ಮೂಡಿರುತ್ತದೆ. ಎಂದೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಆದರೆ ಓಡಿಸಿ ನೋಡಿದರೆ ಅದೇ ಹಾಳೆಯಲ್ಲಿ ಚಲನೆ ಎಡವುತ್ತದೆ. ಗೋಡೆಗೆ ಹಚ್ಚಬಹುದಾದ ಚಿತ್ರವನ್ನು ತೆಗೆದುಹಾಕಿ, ಯಾರೂ ಹೊಗಳದ ಒಂದು ಅಸ್ಪಷ್ಟ ರೂಪವನ್ನು ಅಲ್ಲಿ ಇಡಬೇಕಾಗುತ್ತದೆ. ಚಿತ್ರಕಲೆಯಲ್ಲಿ ಬಹುಮಾನ ಪಡೆದ ಎಷ್ಟೋ ಮಂದಿ ಈ ವಿದ್ಯೆಯನ್ನು ಬಿಡುವುದು ಇಲ್ಲಿಯೇ. ಪರದೆಯ ಮೇಲೆ ಒಂದು ಸೆಕೆಂಡಿನ ಹನ್ನೆರಡನೆಯ ಒಂದು ಭಾಗದಷ್ಟು ಕಾಲ ಮಾತ್ರ ಇರುವ ಹಾಳೆಗಾಗಿ ಅರ್ಧ ಗಂಟೆ ದುಡಿಯುವ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಭಾರತದಲ್ಲಿ ಈ ದುಡಿಮೆಗೆ ಶಿಸ್ತಾದ ಶಿಕ್ಷಣ ದೊರೆತದ್ದು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನಲ್ಲಿ. ಡಿಸ್ನಿ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಅಲ್ಲಿಗೆ ಬಂದು ತರುಣ ಚಿತ್ರಕಾರರಿಗೆ ತರಬೇತು ನೀಡಿದನು. ಜಾತಕಕಥೆಯನ್ನು ಆಧರಿಸಿದ ‘ದಿ ಬನಿಯನ್ ಡೀರ್’ 1957ರಲ್ಲಿ ಹೊರಬಂದಿತು. ಹೀಗೆ ಕಲಿತವರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಅನೇಕರಿಗೆ ಗುರುಗಳಾದರು. ಗೀತಾಂಜಲಿ ರಾವ್ ಬಹುಮಟ್ಟಿಗೆ ಒಬ್ಬರೇ ಕುಳಿತು ಬರೆದ ‘ಪ್ರಿಂಟೆಡ್ ರೇನ್‌ಬೋ’ 2006ರಲ್ಲಿ ಕಾನ್ ನಗರದ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಈಗ ನಡುಚಿತ್ರಗಳನ್ನು ಗಣಕಯಂತ್ರವೂ ತುಂಬಿಕೊಡಬಲ್ಲದು. ಆದರೆ ಹೊರೆ ಹೊತ್ತವನು ಎಲ್ಲಿ ತಡೆಯುತ್ತಾನೆ, ಎಲ್ಲಿ ಉಸಿರುಬಿಡುತ್ತಾನೆ ಎಂಬುದನ್ನು ಗಿರಣಿಯ ಅಂಗಳದಲ್ಲಿ ನಿಂತು ನೋಡಿದವರೇ ಅದಕ್ಕೆ ಹೇಳಿಕೊಡಬೇಕು.

ವಿದ್ಯಾರ್ಥಿನಿಯು ಈಗ ಹತ್ತು ಸೆಕೆಂಡಿನ ದೃಶ್ಯವೊಂದನ್ನು ಬರೆಯುತ್ತಿದ್ದಾಳೆ. ಹಮಾಲನು ಬಂದು, ಚೀಲವನ್ನು ಇಳಿಸಿ, ಬೆನ್ನನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಒಟ್ಟು 120 ಹಾಳೆಗಳು. ಕೊನೆಯ ಎರಡು ಸೆಕೆಂಡು ಆತನು ಸುಮ್ಮನೆ ನಿಂತಿರುತ್ತಾನೆ. ಅಲ್ಲಿ ಒಂದೇ ಚಿತ್ರವನ್ನು ಹಾಗೆಯೇ ಹಿಡಿದು ತೋರಿಸಿದರೆ ಶ್ರಮ ಉಳಿಯುತ್ತದೆ. ಆದರೆ ಆ ಕ್ಷಣದಲ್ಲಿ ಮನುಷ್ಯನು ಕಲ್ಲಾಗಿಬಿಡುತ್ತಾನೆ. ಆದುದರಿಂದ ಆಕೆ ಅದೇ ನಿಲುವನ್ನು ಮತ್ತೆ ಮತ್ತೆ ಹೊಸ ಹಾಳೆಗಳ ಮೇಲೆ ಬರೆಯುತ್ತಾಳೆ. ಒಂದರಿಂದ ಒಂದಕ್ಕೆ ಎದೆಯು ಕೂದಲೆಳೆಯಷ್ಟು ಏರುತ್ತದೆ, ಭುಜಗಳು ಅಷ್ಟೇ ಇಳಿಯುತ್ತವೆ. ಸುಮ್ಮನೆ ನಿಂತವನಿಗೂ ಇಪ್ಪತ್ತನಾಲ್ಕು ಹಾಳೆಗಳು ಬೇಕಾಗುತ್ತವೆ.