ಕುಣಿಯಲು ಬಿಡಿ ಪುಟಾಣಿಯನ್ನ!

'ಒಂದು ನಿಮಿಷ ಸುಮ್ನೆ ಕೂರಲ್ಲ ಕಣ್ರೀ, ಅದಕ್ಕೇ ಮೊಬೈಲ್ ಕೊಟ್ಟು ಕೂರಿಸ್ತೀನಿ.' ದಾವಣಗೆರೆಯ ಎಂಸಿಸಿ ಬ್ಲಾಕ್ ಇರಲಿ, ಹರಿಹರದ ಓಣಿ ಇರಲಿ, ಅಮ್ಮಂದಿರ ಬಾಯಲ್ಲಿ ಈ ಮಾತು ಸಾಮಾನ್ಯ. ಆದರೆ ಓಡುವುದು, ಹತ್ತುವುದು, ಜಿಗಿಯುವುದು ಬರೀ ತುಂಟತನವಲ್ಲ. ಕಾಲು, ತೋಳು, ಬೆನ್ನಿನ ದೊಡ್ಡ ಸ್ನಾಯುಗಳು ಹಿಡಿತಕ್ಕೆ ಬರುವುದೇ ಹೀಗೆ. ಬೆನ್ನು, ಭುಜ ಗಟ್ಟಿಯಾದರೆ ತಾನೆ ಮುಂದೆ ಶಾಲೆಯಲ್ಲಿ ನೆಟ್ಟಗೆ ಕೂತು ಬರೆಯೋದು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 3 ಗಂಟೆ ಓಡಾಡಿಕೊಂಡು ಆಡಬೇಕು. ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ. 3 ತುಂಬಿದವರಿಗೆ ಅದರಲ್ಲಿ 1 ಗಂಟೆ ಚುರುಕಿನ ಆಟವಿರಲಿ. ಟಿವಿ, ಮೊಬೈಲು 2ರಿಂದ 4 ವರ್ಷದವರಿಗೆ 1 ಗಂಟೆ ಮೀರಬಾರದು. ಒಂದು ವರ್ಷದ ಕೂಸಿಗಂತೂ ಬೇಡವೇ ಬೇಡ.

ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ, ಜೊತೆಗೊಂದು ಹಾಡಿದ್ದರೆ ಸಾಕು. ತಾಳಕ್ಕೆ ಹೆಜ್ಜೆ ಹಾಕುತ್ತಾ, ಹಾಡು ನಿಂತಾಗ ನಿಲ್ಲುತ್ತಾ ಮೈಯ ತೂಕ ತಡೆಯುವುದನ್ನು ಮಗು ಕಲಿಯುತ್ತೆ.

* 1–2 ವರ್ಷ: ಎರಡೂ ಕೈ ಹಿಡಿದು, ಹಾಡಿಗೆ ತಕ್ಕಂತೆ ಕೂತು ಏಳಿಸಿ. ದಿಂಬು ಜೋಡಿಸಿ ಹತ್ತಿ ಇಳಿಯಲು ಬಿಡಿ.

* 2–3 ವರ್ಷ: ಜಿ.ಪಿ. ರಾಜರತ್ನಂ ಅವರ 'ನಾಯಿಮರಿ' ಪದ್ಯ ಹೇಳಿ. ನಾಯಿಮರಿಯ ಸರದಿ ಬಂದಾಗ ಮಗು ಅಂಬೆಗಾಲಿಡಲಿ, ಯಜಮಾನನ ಸರದಿಗೆ ಎದ್ದು ನಡೆಯಲಿ. ಭುಜಕ್ಕೂ ಸೊಂಟಕ್ಕೂ ಒಳ್ಳೆ ಕಸರತ್ತು.

* 3–4 ವರ್ಷ: ಕೆರೆ-ದಡ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. 'ಕೆರೆ' ಅಂದ್ರೆ ಒಳಗೆ, 'ದಡ' ಅಂದ್ರೆ ಹೊರಗೆ ಜೋಡಿಗಾಲಲ್ಲಿ ಜಿಗಿಯಬೇಕು. ತಪ್ಪಿದರೆ ಔಟ್ ಮಾಡಬೇಡಿ!

* 4 ದಾಟಿದ ಮೇಲೆ: ಕುಂಟೆಬಿಲ್ಲೆ. ಮೊದಲು ಬಿಲ್ಲೆ ಇಲ್ಲದೆ ಎರಡು ಮನೆ ಕುಂಟಿದರೂ ಸಾಕು, ಚಪ್ಪಾಳೆ ತಟ್ಟಿ.

ನುಣುಪಾದ ಟೈಲ್ಸ್ ಮೇಲೆ ಸಾಕ್ಸ್ ಬೇಡ, ಬರಿಗಾಲೇ ಲೇಸು. ಭಾನುವಾರ ಗಾಜಿನ ಮನೆ ಕಡೆಗೋ ಕುಂದವಾಡ ಕೆರೆ ಏರಿಗೋ ಕರೆದೊಯ್ಯಿರಿ. ಹರಿಹರದವರಿಗೆ ಹರಿಹರೇಶ್ವರ ದೇವಸ್ಥಾನದ ಅಂಗಳವಿದೆ. ತುಂಗಭದ್ರೆಯ ದಡದಲ್ಲಿ ಮಾತ್ರ ಕೈ ಬಿಡಬೇಡಿ. ನಮ್ಮೂರ ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆಯೇ ಸರಿ.

ಪಕ್ಕದ ಮನೆ ಮಗುವಿನ ಜೊತೆ ಹೋಲಿಕೆ ಬೇಡ. ಕೆಲವರು 9 ತಿಂಗಳಿಗೇ ನಡೆದರೆ ಕೆಲವರು 17 ತಿಂಗಳಿಗೆ, ಎರಡೂ ಸಹಜ. ಆದರೆ 18 ತಿಂಗಳಾದರೂ ನಡೆಯದಿದ್ದರೆ, ಒಂದೇ ಬದಿಯ ಕೈಕಾಲು ಬಳಸುತ್ತಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ 'ನಿಧಾನಕ್ಕೆ ನಡೀತಾನೆ ಬಿಡು' ಎಂಬ ಮಾತು ನಂಬಿ ಕೂರಬೇಡಿ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಇಂಥ ತಪಾಸಣೆ ಉಚಿತ.

'ನಂಗೆ ಹಾಡೋಕೆ ಬರಲ್ಲ' ಅಂತೀರಾ? ಅಮ್ಮನ ದನಿ ಹೇಗಿದ್ರೂ ಮಗೂಗೆ ಅದೇ ಇಂಪು!