ಹಾರ್ಟ್ ಸರ್ಜನ್‌ಗೆ ಕೈಚಳಕ ಸಾಕಾ? ಪ್ರಶ್ನೆ ಕೇಳೋ ಅಭ್ಯಾಸವೂ ಬೇಕು

ಮನೆಯಲ್ಲಿ ಯಾರಿಗಾದರೂ ಹಾರ್ಟ್ ಆಪರೇಷನ್ ಅಂದ ತಕ್ಷಣ ನಾವು ಕೇಳೋ ಮೊದಲ ಪ್ರಶ್ನೆ, ‘ಡಾಕ್ಟ್ರು ಎಷ್ಟು ಕೇಸ್ ಮಾಡಿದ್ದಾರೆ?’ ಸಾವಿರ ಅಂದರೆ ಧೈರ್ಯ. ತಪ್ಪೇನಿಲ್ಲ. ಆದರೆ ಆ ಸಾವಿರ ಜನ ಐದು ವರ್ಷದ ನಂತರ ಹೇಗಿದ್ದಾರೆ, ಇದಕ್ಕಿಂತ ಒಳ್ಳೆಯ ದಾರಿ ಇದೆಯಾ ಅಂತ ಲೆಕ್ಕ ಇಟ್ಟು ನೋಡುವವರು ಯಾರು? ಆಪರೇಷನ್ ಮಾಡುವವರೇ ಆ ಕೆಲಸವನ್ನೂ ಕಲಿತರೆ ಏನಾಗುತ್ತೆ ಅನ್ನೋದೇ ಈ ಬರಹದ ವಿಷಯ.

ನಮ್ಮೂರು ಕಾಮಸಮುದ್ರ. ಬಂಗಾರಪೇಟೆ ತಾಲ್ಲೂಕು, ಆಂಧ್ರ, ತಮಿಳುನಾಡು ಗಡಿಗೆ ಹತ್ತಿರ. ದೊಡ್ಡ ಕಾಯಿಲೆ ಬಂದರೆ ಫೈಲ್ ಹಿಡಿದು ಬೆಂಗಳೂರಿನ ರೈಲು ಹತ್ತುವವರು ನಾವು. ಸಂಶೋಧನೆ ಅನ್ನೋದು ನಮಗೆ ದೂರದ ಮಾತು ಅನ್ನಿಸಬಹುದು. ಅಷ್ಟು ದೂರದ್ದಲ್ಲ.

‘ವಾಸಿ ಆಯ್ತು’ ಅಂದರೆ ಸಾಕಾ?

1950ರ ದಶಕದಲ್ಲಿ ಹೃದಯದ ಎದೆನೋವಿಗೆ ಒಂದು ಸುಲಭದ ಆಪರೇಷನ್ ಬಂದಿತ್ತು. ಎದೆಗೂಡಿನ ಒಳಭಾಗದ ಒಂದು ರಕ್ತನಾಳವನ್ನು ಕಟ್ಟಿಬಿಟ್ಟರೆ ಹೃದಯದ ಕಡೆಗೆ ಹೆಚ್ಚು ರಕ್ತ ತಿರುಗುತ್ತೆ ಅನ್ನೋ ಲೆಕ್ಕಾಚಾರ. ಮಾಡಿಸಿಕೊಂಡವರು ನೋವು ಕಡಿಮೆಯಾಯ್ತು ಅಂದರು, ಸರ್ಜನ್‌ಗಳೂ ನಂಬಿದರು.

1959ರಲ್ಲಿ ಅಮೆರಿಕದ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು ಇದನ್ನು 17 ರೋಗಿಗಳಲ್ಲಿ ಪರೀಕ್ಷಿಸಿದರು. ಕೆಲವರಿಗೆ ನಾಳ ಕಟ್ಟಿದರು. ಉಳಿದವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಯಾರಿಗೆ ಏನು ಮಾಡಿದ್ದಾರೆ ಅಂತ ರೋಗಿಗೆ ಗೊತ್ತಿರಲಿಲ್ಲ. ಫಲಿತಾಂಶ? ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಥರ ಆರಾಮಾಗಿತ್ತು. ಆ ಆಪರೇಷನ್ ಮೂಲೆ ಸೇರಿತು.

ಇವತ್ತು ರೋಗಿಯ ಒಪ್ಪಿಗೆ, ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ಹೀಗೆಲ್ಲ ಮಾಡೋ ಹಾಗಿಲ್ಲ. ಆದರೆ ಪಾಠ ಹಳತಾಗಿಲ್ಲ. ಥಿಯೇಟರ್‌ನಲ್ಲಿ ನಿಂತವರಿಗೆ ತಮ್ಮ ಗೆಲುವನ್ನೇ ಅನುಮಾನಿಸೋದು ಕಷ್ಟ. ಅದನ್ನು ಕಲಿಸಬೇಕಾಗುತ್ತೆ.

ಮೂರು ಸಲ ಸೋತ ವಾಲ್ವ್

ನಮ್ಮ ದೇಶದಲ್ಲಿ ಇದನ್ನು ಬದುಕಿ ತೋರಿಸಿದವರು ಡಾ. ಎಂ.ಎಸ್. ವಲಿಯತ್ತಾನ್. ಕೇರಳದವರು. ಇಂಗ್ಲೆಂಡಿನಲ್ಲಿ ಸರ್ಜರಿ, ಅಮೆರಿಕದಲ್ಲಿ ಹಾರ್ಟ್ ಸರ್ಜರಿ ಕಲಿತರು. ಅಲ್ಲಿ ಅವರು ಕೆಲಸ ಮಾಡಿದ್ದು, 1952ರಲ್ಲೇ ಮನುಷ್ಯನಿಗೆ ಕೃತಕ ವಾಲ್ವ್ ಹಾಕಿದ ಚಾರ್ಲ್ಸ್ ಹಫ್ನಗೆಲ್ ಅವರ ಜೊತೆ. ಅಂದರೆ ಅವರಿಗೆ ಸಿಕ್ಕ ಗುರುವೂ ಸಂಶೋಧಕನೇ.

1974ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಬಂದರು. ಬಡವರ ಮಕ್ಕಳಲ್ಲಿ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಹಾಳಾಗೋದು ಆಗ ಸಾಮಾನ್ಯ. ಆಮದು ವಾಲ್ವ್ ಅವರ ಕೈಗೆ ಎಟುಕುತ್ತಿರಲಿಲ್ಲ. ಆಪರೇಷನ್ ಗೊತ್ತಿದ್ದೂ ರೋಗಿಯನ್ನು ವಾಪಸ್ ಕಳಿಸೋ ಪರಿಸ್ಥಿತಿ. ಹಾಗಾದರೆ ನಾವೇ ಮಾಡೋಣ ಅಂತ ಹೊರಟರು.

ಹೃದಯ ನಿಮಿಷಕ್ಕೆ 72 ಸಲ ಬಡಿದರೆ ವರ್ಷಕ್ಕೆ ಸುಮಾರು 3.78 ಕೋಟಿ ಸಲ. ಅಷ್ಟು ಸಲವೂ ವಾಲ್ವ್ ತೆರೆದು ಮುಚ್ಚಬೇಕು. ಸವೆಯಬಾರದು, ಮುರಿಯಬಾರದು. ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತಿತರರ ಜೊತೆ ಸೇರಿ ಮಾಡಿದ ಮೊದಲ ಮೂರು ಮಾದರಿ ಸೋತವು. ಕೃತಕ ನೀಲಮಣಿಯ ಬಿಲ್ಲೆ ಕೂಡ ಕೈಕೊಟ್ಟಿತು. ನಾಲ್ಕನೆಯದರಲ್ಲಿ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆ ಬಂತು. 1990ರ ಡಿಸೆಂಬರ್ 6ರಂದು ಅದು ಮೊದಲ ಬಾರಿ ರೋಗಿಯ ಎದೆ ಸೇರಿತು. ಆಮೇಲೆ ಲಕ್ಷಕ್ಕೂ ಹೆಚ್ಚು ಚಿತ್ರಾ ವಾಲ್ವ್‌ಗಳು ಬಳಕೆಯಾಗಿವೆ. ಒಬ್ಬ ಸರ್ಜನ್ ಎಷ್ಟು ವರ್ಷ ಆಪರೇಷನ್ ಮಾಡಿದರೂ ಅಷ್ಟು ಜನರನ್ನು ಮುಟ್ಟೋಕೆ ಆಗಲ್ಲ.

ಕರ್ನಾಟಕಕ್ಕೂ ಅವರು ಬೇಕಾದವರೇ. 1993ರಲ್ಲಿ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಟೈಮ್ ಎಲ್ಲಿದೆ?

ಈಗಿನ ಹುಡುಗರ ಕಥೆ ನೋಡಿ. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಮೂರು, ಹಾರ್ಟ್ ಸರ್ಜರಿಯ ಎಂಸಿಎಚ್ ಮೂರು. ಎಲ್ಲ ಸೇರಿ ಹನ್ನೊಂದೂವರೆ. ಪರಿಚಯದ ಹುಡುಗನೊಬ್ಬ ಈಗ ಅದೇ ತರಬೇತಿಯಲ್ಲಿದ್ದಾನೆ. ‘ಅಕ್ಕಾ, ಥೀಸಿಸ್ ಅಂದ್ರೆ ನಮಗೆ ಪರೀಕ್ಷೆಗೆ ಮುಂಚೆ ಮುಗಿಸಿ ಕೊಡೋ ಕೆಲಸ ಅಷ್ಟೇ. ರಾತ್ರಿ ಡ್ಯೂಟಿ ಮುಗಿಸಿ ಬಂದು ಸ್ಟ್ಯಾಟಿಸ್ಟಿಕ್ಸ್ ಯಾರು ಓದ್ತಾರೆ?’ ಅಂದ. ಅವನನ್ನು ಬೈಯೋಕೆ ನನಗೆ ಮನಸ್ಸಾಗಲಿಲ್ಲ.

ಬದಲಾವಣೆ ಶುರುವಾಗಿದೆ. ಪಿಜಿ ವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮೂಲಪಾಠದ ಆನ್‌ಲೈನ್ ಕೋರ್ಸ್ ಕಡ್ಡಾಯವಾಗಿದೆ. ಐಸಿಎಂಆರ್‌ನ ಚೆನ್ನೈ ಸಂಸ್ಥೆ ಅದನ್ನು ನಡೆಸುತ್ತೆ. ವೈದ್ಯರಿಗೆಂದೇ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಿವೆ. ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ 800 ಹಾಸಿಗೆಯ ಆಸ್ಪತ್ರೆ, ಪಿಜಿ ಮೆಡಿಕಲ್ ಸ್ಕೂಲ್‌ನ ಯೋಜನೆಯಿದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದಕ್ಕೆ 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು. ಎಂಡಿ ಮತ್ತು ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಮಾಡಿಸಿ ವೈದ್ಯ-ವಿಜ್ಞಾನಿಗಳನ್ನು ತಯಾರು ಮಾಡೋದು ಅಲ್ಲಿನ ಮುಖ್ಯ ಗುರಿ.

ಆದರೆ ಕೋರ್ಸ್ ಒಂದರಿಂದ ಸಂಶೋಧಕ ಹುಟ್ಟಲ್ಲ. ವಾರದಲ್ಲಿ ಒಂದೆರಡು ದಿನ ಥಿಯೇಟರ್‌ನಿಂದ ಬಿಡುವು, ಆ ದಿನಕ್ಕೂ ಸಂಬಳ, ಪಕ್ಕದಲ್ಲಿ ಒಬ್ಬ ಎಂಜಿನಿಯರ್, ಲೆಕ್ಕ ನೋಡೋಕೆ ಒಬ್ಬ ಸ್ಟ್ಯಾಟಿಸ್ಟಿಷಿಯನ್, ಮೂರು ಸಲ ಸೋತರೂ ಕಾಯುವ ಸಂಸ್ಥೆ. ವಲಿಯತ್ತಾನ್ ಅವರ ಕೆಲಸ ಕೈಗೂಡಿದ್ದು ಇಂಥ ವ್ಯವಸ್ಥೆ ಇದ್ದದ್ದರಿಂದ.

ನಮ್ಮೂರಿನ ಪ್ರಶ್ನೆ ಯಾರು ಕೇಳಬೇಕು?

ಹತ್ತಿರದ ಕೆಜಿಎಫ್‌ನಲ್ಲೇ ಉದಾಹರಣೆಯಿದೆ. 1940ರ ದಶಕದಲ್ಲಿ ಅಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇರುವುದು ಗೊತ್ತಾಯಿತು. ಕಲ್ಲಿನ ದೂಳು ಶ್ವಾಸಕೋಶ ಕೆಡಿಸುತ್ತೆ, ಕಾಯಿಲೆ ಬಲಿತರೆ ಹೃದಯದ ಬಲಭಾಗವೂ ಸೋಲುತ್ತೆ. ಒಬ್ಬೊಬ್ಬರಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರೆ ಈ ಸಂಖ್ಯೆ ಹೊರಗೆ ಬರುತ್ತಲೇ ಇರಲಿಲ್ಲ.

ಇವತ್ತಿನ ಪ್ರಶ್ನೆ ನಮ್ಮ ಅಡುಗೆಮನೆಯಲ್ಲೇ ಇದೆ. ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್‌ನಂಥ ಮಾತ್ರೆ ತಗೋಬೇಕು, ಐಎನ್‌ಆರ್ ಅನ್ನೋ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಶಕ್ತಿ ಕುಗ್ಗಿಸುತ್ತೆ. ನಮ್ಮ ಕೋಲಾರದ ಕಡೆ ಮುದ್ದೆ ಜೊತೆ ಬಸ್ಸಾರು, ಮಸ್ಸೊಪ್ಪು ಇಲ್ಲದ ವಾರ ಉಂಟಾ? ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ಏರುಪೇರಾಗಬಾರದು ಅಂತ ವೈದ್ಯರು ಹೇಳ್ತಾರೆ. ಮಳೆಗಾಲದಲ್ಲಿ ಹೊಲದ ತುಂಬ ಬೆರಕೆ ಸೊಪ್ಪು, ಬೇಸಿಗೆಯಲ್ಲಿ ಇಲ್ಲ. ಆಗ ಮಾತ್ರೆಯ ಡೋಸ್ ಹೇಗೆ ಹೊಂದಿಸೋದು? ಕೂಲಿ ಬಿಟ್ಟು ಬರಲಾಗದವರಿಗೆ ಊರಲ್ಲೇ ಬೆರಳು ಚುಚ್ಚಿ ಟೆಸ್ಟ್ ಮಾಡಿದರೆ ಸಾಕಾ? ಈ ಪ್ರಶ್ನೆಗಳು ಹೊಳೆಯೋದು ನಮ್ಮ ಜನರಿಗೆ ವಾಲ್ವ್ ಹಾಕಿ, ಮುಂದಿನ ಚೆಕಪ್‌ನಲ್ಲಿ ಅವರ ಮಾತು ಕೇಳಿಸಿಕೊಳ್ಳೋ ಸರ್ಜನ್‌ಗೆ.

ನಾವೂ ಸ್ವಲ್ಪ ಮಾಡಬಹುದು. ಅಪ್ಪ-ಅಮ್ಮನ ಡಿಸ್ಚಾರ್ಜ್ ಸಮ್ಮರಿ, ಐಎನ್‌ಆರ್ ಚೀಟಿಗಳನ್ನು ಫೋಟೊ ತೆಗೆದು ತಾರೀಕಿನ ಪ್ರಕಾರ ಇಟ್ಟುಕೊಳ್ಳಿ. ವರ್ಷವಾದ ಮೇಲೆ ಆಸ್ಪತ್ರೆಯಿಂದ ‘ಹೇಗಿದ್ದೀರಿ?’ ಅಂತ ಫೋನ್ ಬಂದರೆ, ಆಸ್ಪತ್ರೆಯದೇ ಅಂತ ಖಾತ್ರಿ ಮಾಡಿಕೊಂಡು ಎರಡು ನಿಮಿಷ ಮಾತಾಡಿ. ಅಧ್ಯಯನಕ್ಕೆ ಸೇರ್ತೀರಾ ಅಂದರೆ ಹೆದರಬೇಡಿ, ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿ. ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಮಧ್ಯದಲ್ಲಿ ಬಿಡಬಹುದಾ ಅಂತ ಕೇಳಿ. ಮುಂದಿನ ಸಲ ಡಾಕ್ಟ್ರನ್ನು ಕಂಡಾಗ, ಎಷ್ಟು ಕೇಸ್ ಮಾಡಿದ್ದೀರಿ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಅವರೆಲ್ಲ ಈಗ ಹೇಗಿದ್ದಾರೆ ಸಾರ್?’