ಹಳೆಯ ಸೌಂಡ್ ಕಾರ್ಡ್: ಇರಿಸಿಕೊಳ್ಳಬೇಕೆ, ಬಿಡಬೇಕೆ?

1885ರಲ್ಲಿ ಸ್ಥಾಪನೆಯಾದ ಗಿರಣಿಯ ಸುತ್ತ ಬೆಳೆದ ಗೋಕಾಕ ಫಾಲ್ಸ್‌ನಂತಹ ಊರಿಗೆ ಯಂತ್ರದ ಲೆಕ್ಕಾಚಾರ ಹೊಸದಲ್ಲ. ಯಂತ್ರವು ಕೊಡುವ ಕೆಲಸವೆಷ್ಟು, ಬೇಡುವ ದುರಸ್ತಿಯೆಷ್ಟು ಎಂಬುದನ್ನು ತೂಗಿ ನೋಡಿಯೇ ಅದರ ಬೆಲೆಯನ್ನು ನಿರ್ಧರಿಸಬೇಕು. ಕಂಪ್ಯೂಟರಿನೊಳಗಿನ ಹಳೆಯ ಸೌಂಡ್ ಕಾರ್ಡಿಗೂ ಇದೇ ನಿಯಮ ಅನ್ವಯಿಸುತ್ತದೆ.

ಬಿಲ್ಲು ಮುದ್ರಣ, ಲೆಕ್ಕಪತ್ರ, ಜಿಎಸ್‌ಟಿ ಕೆಲಸಗಳಿಗೆ ಪ್ರತ್ಯೇಕ ಕಾರ್ಡಿನ ಅಗತ್ಯವಿಲ್ಲ. 1997ರ ಎಸಿ’97 ಮತ್ತು 2004ರ ಎಚ್‌ಡಿ ಆಡಿಯೋ ಮಾನದಂಡಗಳ ತರುವಾಯ ಮದರ್‌ಬೋರ್ಡಿನಲ್ಲಿಯೇ ಧ್ವನಿ ವ್ಯವಸ್ಥೆ ಬರುವುದು ಸಾಮಾನ್ಯವಾಯಿತು. ಧ್ವನಿಮುದ್ರಣ, ಪ್ರಚಾರದ ಘೋಷಣೆ ಹಾಗೂ ಹಳೆಯ ಕ್ಯಾಸೆಟ್‌ಗಳ ಪರಿವರ್ತನೆಯನ್ನು ಉದ್ಯೋಗವಾಗಿಸಿಕೊಂಡ ಫೋಟೋ-ವಿಡಿಯೋ ಅಂಗಡಿಗಳಿಗೆ ಮಾತ್ರ ಈ ಪ್ರಶ್ನೆ ಮುಖ್ಯವಾದುದು.

ನಮ್ಮ ಭಾಗದಲ್ಲಿ ಈ ಉದ್ಯೋಗಕ್ಕೆ ವಿಶೇಷ ಮಹತ್ವವಿದೆ. ಶ್ರೀಕೃಷ್ಣ ಪಾರಿಜಾತಕ್ಕೆ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ; ಆ ಆಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರೂ ಇದೇ ಸೀಮೆಯವರು. ಪಾರಿಜಾತದ, ಭಜನಾ ಮೇಳದ ಕ್ಯಾಸೆಟ್ ಮನೆಯ ಕಪಾಟಿನಲ್ಲಿ ಒಮ್ಮೆ ಕೆಟ್ಟರೆ ಆ ಧ್ವನಿ ಮರಳಿ ದೊರೆಯುವುದಿಲ್ಲ.

ಕಾರ್ಡಿನ ಶಕ್ತಿ

1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್‌ನಂತಹ ಕಾರ್ಡು ಈ ಕೆಲಸಕ್ಕೆ ಇಂದಿಗೂ ಸಾಕು. 16 ಬಿಟ್ ಮುದ್ರಣವು ತಾತ್ವಿಕವಾಗಿ ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನು ಹಿಡಿಯಬಲ್ಲದು. ಸಾಧಾರಣ ಕ್ಯಾಸೆಟ್ಟಿನ ವ್ಯಾಪ್ತಿ ಅದಕ್ಕಿಂತ ಬಹಳ ಕಡಿಮೆ. ಮೇಲಾಗಿ ಇದರಲ್ಲಿ ಸ್ಟೀರಿಯೋ ಲೈನ್-ಇನ್ ಇದೆ. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಈ ಕಾರ್ಡು ಒಳಗೆ 48 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಮುದ್ರಣವನ್ನೂ ಅದೇ ದರದಲ್ಲಿ ಮಾಡಿ, ಸಿಡಿಗೆ ಬೇಕಾದ 44.1 ಕಿಲೋಹರ್ಟ್ಸ್‌ಗೆ ಸಾಫ್ಟ್‌ವೇರಿನಲ್ಲಿ ಪರಿವರ್ತಿಸುವುದು ಲೇಸು.

ತೊಡಕು ಎಲ್ಲಿದೆ?

ತೊಡಕಿರುವುದು ಸ್ಲಾಟ್ ಮತ್ತು ಡ್ರೈವರ್‌ಗಳಲ್ಲಿ. ಹಳೆಯ ಕಾರ್ಡುಗಳಿಗೆ ಬೇಕಾದ ಪಿಸಿಐ ಸ್ಲಾಟ್ ಹೊಸ ಮದರ್‌ಬೋರ್ಡುಗಳಲ್ಲಿ ವಿರಳ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಅವು ಕೂರುವುದಿಲ್ಲ. 2007ರ ವಿಂಡೋಸ್ ವಿಸ್ಟಾ ಬಂದ ಮೇಲೆ ಡೈರೆಕ್ಟ್‌ಸೌಂಡ್‌ಗೆ ಕಾರ್ಡು ನೀಡುತ್ತಿದ್ದ ನೇರ ನೆರವೂ ನಿಂತಿತು. ಲಿನಕ್ಸ್‌ನಲ್ಲಿ ಲೈವ್ ಸರಣಿಗೆ ಡ್ರೈವರ್ ಇದೆ. ವಿಂಡೋಸ್ ಎಕ್ಸ್‌ಪಿ ಗಣಕದಲ್ಲಿಯೇ ಅದನ್ನು ನಡೆಸುವವರು, 2014ರ ಏಪ್ರಿಲ್‌ನಿಂದ ಎಕ್ಸ್‌ಪಿಗೆ ಭದ್ರತಾ ಬೆಂಬಲ ನಿಂತಿರುವುದನ್ನು ನೆನಪಿಡಬೇಕು. ಅಂತಹ ಗಣಕಕ್ಕೆ ಇಂಟರ್‌ನೆಟ್ ಸಂಪರ್ಕ ಬೇಡ. ವ್ಯವಹಾರದ ಲೆಕ್ಕಗಳನ್ನೂ ಅದರಲ್ಲಿ ಇಡಬಾರದು.

ಪರೀಕ್ಷೆಯ ಕ್ರಮ

ಮೊದಲು ಟೇಪು ಹಾಕದೆ ಒಂದು ನಿಮಿಷ ಮೌನವನ್ನು ಮುದ್ರಿಸಿ ಕೇಳಿರಿ. 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಇದ್ದರೆ ಕಾರ್ಡನ್ನು ದೂರುವ ಮುನ್ನ ಅರ್ಥಿಂಗ್ ಮತ್ತು ಕೇಬಲ್‌ಗಳನ್ನು ಪರೀಕ್ಷಿಸಿರಿ. ಒಂದೇ ಕಿವಿಗೆ ಧ್ವನಿ ಬಂದರೆ ಜ್ಯಾಕ್ ಸವೆದಿರಬಹುದು. ಕೆಪಾಸಿಟರ್ ಉಬ್ಬಿದ್ದರೆ ಅದನ್ನು ಬದಲಿಸದೆ ಕೆಲಸಕ್ಕೆ ತೊಡಗಬಾರದು. ಟೇಪ್ ಡೆಕ್ಕಿನ ಹೆಡ್ ಸ್ವಚ್ಛವಾಗಿಲ್ಲದಿದ್ದರೆ ಯಾವ ಕಾರ್ಡಿನಿಂದಲೂ ಪ್ರಯೋಜನವಿಲ್ಲ.

ನಿರ್ಣಯ

ಕಾರ್ಡು, ಅದರ ಗಣಕ, ಡ್ರೈವರ್ ಮೂರೂ ಸುಸ್ಥಿತಿಯಲ್ಲಿದ್ದರೆ ಅವುಗಳನ್ನು ಕ್ಯಾಸೆಟ್ ಕೆಲಸಕ್ಕೆಂದೇ ಮೀಸಲಿಡುವುದು ಲಾಭಕರ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಬೇಕೇ ಬೇಕು. ಆ ಹೊತ್ತು ಅಂಗಡಿಯ ಮುಖ್ಯ ಗಣಕವು ಬಿಡುವಾಗಿರುತ್ತದೆ. ಆದರೆ ಹಳೆಯ ಗಣಕದ ದುರಸ್ತಿಯ ಖರ್ಚು ಹೊಸ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಬೆಲೆಯನ್ನು ಮೀರುವಂತಿದ್ದರೆ ಹೊಸದನ್ನೇ ಕೊಳ್ಳತಕ್ಕದ್ದು. ಕೊಳ್ಳುವಾಗ ಪ್ರತ್ಯೇಕ ಡ್ರೈವರ್ ಬೇಡದ, ಸ್ಟೀರಿಯೋ ಲೈನ್-ಇನ್ ಇರುವ ಸಾಧನವನ್ನು ಆರಿಸಿರಿ. ಹಳೆಯ ಕಾರ್ಡಿಗಾಗಿಯೇ ಹಳೆಯ ಮದರ್‌ಬೋರ್ಡನ್ನು ಹುಡುಕಿ ಕೊಳ್ಳುವುದು ವ್ಯಾಪಾರ ಧರ್ಮವಲ್ಲ.

ಬಿಟ್ಟ ಕಾರ್ಡನ್ನು ಕಸಕ್ಕೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿರಿ.